ಹದಿನಾಲ್ಕರ ಅಳತೆಯ ಅಳು

ಏಪ್ರಿಲ್ ತಿಂಗಳು, ಜಪಾನಿನಲ್ಲಿ ಶಾಲೆ ಶುರುವಾಗುವ ಹೊತ್ತು. ಊರಿನ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಒಂದು ಮೇಜಿಗೆ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಕೂತಿದ್ದಾನೆ. ಇನ್ನೊಂದು ಮೇಜಿಗೆ ಅವನದೇ ತರಗತಿಯ ಹುಡುಗಿ ತನ್ನ ಮನೆಯವರೊಂದಿಗೆ ಬಂದಿದ್ದಾಳೆ. ಇಬ್ಬರಿಗೂ ಇನ್ನೂ ಸರಿಯಾಗಿ ಪರಿಚಯವಿಲ್ಲ. ಲೋಟಕ್ಕೆ ಪಾನೀಯ ತುಂಬಿಕೊಳ್ಳಲು ಎದ್ದು ಹೋದಲ್ಲಿ ಎದುರುಬದುರಾಗುತ್ತಾರೆ, ತಲೆ ತಗ್ಗಿಸುತ್ತಾರೆ. ಅಷ್ಟಕ್ಕೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದರು. ಆದರೆ ಇಬ್ಬರೂ ಒಂದೇ ಕ್ಲಾಸು ಎಂದು ಅಮ್ಮಂದಿರಿಗೆ ತಿಳಿದುಬಿಡುತ್ತದೆ, ನಮಸ್ಕಾರ ಚಮತ್ಕಾರ ಶುರುವಾಗುತ್ತದೆ, ನಮ್ಮವನು ಹೀಗೆ ನಿಮ್ಮವಳು ಹಾಗೆ ಎಂಬ ಮಾತು ನಡೆಯುತ್ತದೆ. ಮಕ್ಕಳಿಬ್ಬರೂ ನೆಲ ಬಾಯಿಬಿಟ್ಟು ನುಂಗಬಾರದೇ ಎಂಬಂತೆ ಕೂತಿರುತ್ತಾರೆ. ಇಷ್ಟೇ ದೃಶ್ಯ. ಯಾರೂ ಬೀಳುವುದಿಲ್ಲ, ಯಾರ ಮೇಲೂ ಜ್ಯೂಸು ಚೆಲ್ಲುವುದಿಲ್ಲ, ಹಿನ್ನೆಲೆಯಲ್ಲಿ ಹೂವಿನ ಪಕಳೆ ಉದುರುವುದಿಲ್ಲ. 2017ರ ‘ತ್ಸುಕಿ ಗಾ ಕಿರೇ’ ಎಂಬ ಅನಿಮೆ ಸರಣಿಯ ಮೊದಲ ಕಂತು ಇಂಥದ್ದೊಂದು ಮುಜುಗರವನ್ನು ಘಟನೆ ಎಂದು ಎಣಿಸುತ್ತದೆ.

ಸೇಜಿ ಕಿಶಿ ನಿರ್ದೇಶನದ, ಯೂಕೊ ಕಾಕಿಹಾರಾ ಬರವಣಿಗೆಯ ಈ ಹನ್ನೆರಡು ಕಂತುಗಳ ಸರಣಿ ಯಾವುದೇ ಮಾಂಗಾ ಅಥವಾ ಕಾದಂಬರಿಯಿಂದ ಬಂದದ್ದಲ್ಲ, ಪರದೆಗೆಂದೇ ಹುಟ್ಟಿದ್ದು. ಅಜುಮಿ ಕೊತಾರೋಗೆ ಬರೆಯುವ ಹುಚ್ಚು, ದಜಾಯಿ ಒಸಾಮು ಅವನ ಆರಾಧ್ಯ ಲೇಖಕ. ಮಿಜುನೊ ಅಕಾನೆ ಓಟಗಾರ್ತಿ. ಇಬ್ಬರೂ ಜೂನಿಯರ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾರೆ, ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ಕ್ಲಾಸು. ಇದನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಇದರಲ್ಲಿ ಡ್ರಾಮಾ ಇಲ್ಲ, ಅದಕ್ಕೇ ಇದು ನಿಜ ಅನ್ನಿಸುತ್ತದೆ.’ ಮೆಚ್ಚದವರೂ ಹೆಚ್ಚುಕಡಿಮೆ ಅದನ್ನೇ ತಿರುಗಿಸಿ ಹೇಳುತ್ತಾರೆ: ‘ನಿಜವಿರಬಹುದು, ಆದರೆ ಏನೂ ನಡೆಯುವುದೇ ಇಲ್ಲವಲ್ಲ!’ ಎರಡೂ ಕಡೆಯವರು ಒಂದು ತಕ್ಕಡಿಯನ್ನು ಒಪ್ಪಿಕೊಂಡಿದ್ದಾರೆ. ಒಂದು ತಟ್ಟೆಯಲ್ಲಿ ನೈಜತೆ, ಇನ್ನೊಂದರಲ್ಲಿ ಭಾವದ ಅಬ್ಬರ. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಈ ತಕ್ಕಡಿಯೇ ತಪ್ಪು ಎಂಬುದು ನನ್ನ ವಾದ. ಹದಿಹರೆಯದ ಪ್ರೇಮದ ಕತೆಯಲ್ಲಿ ನೈಜತೆಯನ್ನು ಕಣ್ಣೀರಿನ ಪ್ರಮಾಣದಿಂದ ಅಳೆಯಲು ಬರುವುದಿಲ್ಲ. ಆ ಕಣ್ಣೀರು ಎಲ್ಲಿಂದ ಬಂತು ಎಂದು ಕೇಳಬೇಕು. ಪಾತ್ರದ ವಯಸ್ಸು, ಮನೆ, ಜೇಬಿನ ದುಡ್ಡು, ಶಾಲೆಯ ವೇಳಾಪಟ್ಟಿ ಇವುಗಳಿಂದ ಅಳು ಹುಟ್ಟಿದ್ದರೆ ಎಷ್ಟು ಜೋರಾಗಿ ಅತ್ತರೂ ಅದು ನಿಜ. ಕತೆಗಾರ ಹೊರಗಿನಿಂದ ತಂದು ಸುರಿದಿದ್ದರೆ ಒಂದೇ ಹನಿಯಾದರೂ ಅದು ಸುಳ್ಳು.

ಹದಿನಾಲ್ಕು ವರ್ಷದವರ ಕೈಯಲ್ಲಿ ಏನಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಎಲ್ಲಿ ವಾಸಿಸಬೇಕು ಎಂಬುದನ್ನು ಅಪ್ಪನ ನೌಕರಿ ತೀರ್ಮಾನಿಸುತ್ತದೆ. ಯಾವ ಶಾಲೆ ಎಂಬುದನ್ನು ಪ್ರವೇಶ ಪರೀಕ್ಷೆ ತೀರ್ಮಾನಿಸುತ್ತದೆ. ಯಾರ ಪಕ್ಕ ಕೂರಬೇಕು ಎಂಬುದು ಏಪ್ರಿಲ್‌ನಲ್ಲಿ ತರಗತಿ ಹಂಚುವ ಮೇಷ್ಟರ ಪಟ್ಟಿಯಲ್ಲಿದೆ. ಸಂಜೆಯ ಹೊತ್ತು ಕ್ರೀಡೆಯ ಕ್ಲಬ್ಬಿಗೋ ಟ್ಯೂಷನ್ನಿಗೋ ಸೇರಿದ್ದು. ಸ್ವಂತದ್ದು ಎಂದು ಉಳಿಯುವುದು ಕಿಸೆಯಲ್ಲಿರುವ ಮೊಬೈಲು ಒಂದೇ. ಅದನ್ನೂ ಮೇಷ್ಟರು ಕಿತ್ತುಕೊಳ್ಳಬಹುದು. ‘ತ್ಸುಕಿ ಗಾ ಕಿರೇ’ಯ ಪ್ರತಿಯೊಂದು ಸಂಕಟವೂ ಈ ಪಟ್ಟಿಯೊಳಗಿನಿಂದಲೇ ಬರುತ್ತದೆ. ಮೂರನೆಯ ಕಂತಿನ ಕೊನೆಯಲ್ಲಿ, ನನ್ನ ಜೊತೆಯಾಗುತ್ತೀಯಾ ಎಂದು ಕೊತಾರೋ ಅಕಾನೆಯನ್ನು ಬಾಯಿಬಿಟ್ಟು ಕೇಳುತ್ತಾನೆ. ಉತ್ತರ ಬರುವ ಮೊದಲೇ ಶಾಲೆಯ ಪ್ರವಾಸ ಕ್ಯೋಟೋಗೆ ಹೊರಡುತ್ತದೆ, ಅಲ್ಲಿ ಅವನ ಫೋನು ಮೇಷ್ಟರ ಪಾಲಾಗುತ್ತದೆ. ಭೇಟಿಯ ಜಾಗ ಹೇಳಿ ಕಳಿಸಲು ದಾರಿಯಿಲ್ಲ, ಮಳೆ ಬೇರೆ. ಸಾವಿರ ವರ್ಷದ ದೇವಸ್ಥಾನಗಳಿರುವ ಊರಿನಲ್ಲಿ ಹುಡುಗನೊಬ್ಬ ಒಂದು ಮೊಬೈಲಿಗಾಗಿ ಪರದಾಡುತ್ತಿರುವುದು ದೊಡ್ಡವರಿಗೆ ತಮಾಷೆಯಾಗಿ ಕಾಣಬಹುದು. ಅವನಿಗೆ ಮಾತ್ರ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ವಿಷಯ ಪ್ರಪಂಚದಲ್ಲಿಲ್ಲ, ಏಕೆಂದರೆ ಅವನ ಪ್ರಪಂಚದಲ್ಲಿ ಅವನ ಅಧಿಕಾರ ನಡೆಯುತ್ತಿದ್ದ ಏಕೈಕ ಜಾಗ ಅದು.

2011ರಲ್ಲಿ ಶುರುವಾದ ಲೈನ್ ಎಂಬ ಮೆಸೇಜ್ ಆ್ಯಪ್ ಈ ಕತೆಯಲ್ಲಿ ಹೆಚ್ಚುಕಡಿಮೆ ಒಂದು ಪಾತ್ರ. ಕಳಿಸಿದ ಸಂದೇಶವನ್ನು ಆ ಕಡೆಯವರು ತೆರೆದ ಕೂಡಲೇ ಪಕ್ಕದಲ್ಲಿ ‘ಓದಿದೆ’ ಎಂಬ ಸಣ್ಣ ಗುರುತು ಮೂಡುತ್ತದೆ. ಹಿಂದಿನ ಪ್ರೇಮಕತೆಗಳಲ್ಲಿ ಕಾಗದ ತಲುಪಿತೋ ಇಲ್ಲವೋ ಎಂಬ ಅನುಮಾನವೇ ಒಂದು ಆಸರೆಯಾಗಿತ್ತು. ಅಂಚೆಯವನನ್ನು ಬೈದುಕೊಂಡು ವಾರ ಕಳೆಯಬಹುದಿತ್ತು. ಈಗ ಆ ಆಸರೆಯೂ ಹೋಯಿತು. ಓದಿದ್ದಾಳೆ, ಉತ್ತರಿಸಿಲ್ಲ. ಕೊತಾರೋ ಬರೆಯುತ್ತಾನೆ, ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ. ಉತ್ತರ ಬಂದಾಗ ಮಾಡುವುದೇನು? ಕೋಣೆಯ ದೀಪದಿಂದ ಜೋತುಬಿದ್ದಿರುವ ಸ್ವಿಚ್ಚಿನ ದಾರಕ್ಕೆ ಬಾಕ್ಸಿಂಗ್ ಪಟುವಿನಂತೆ ಗುದ್ದುತ್ತಾನೆ. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ, ಹುಡುಗನ ಸಂತೋಷಕ್ಕೆ ಸಿಕ್ಕ ಏಕೈಕ ಎದುರಾಳಿ ಆ ದಾರ. ಸಂಭಾಷಣೆ ಬರೆದು ತೋರಿಸಲಾಗದ್ದನ್ನು ಈ ದಾರ ತೋರಿಸುತ್ತದೆ. ಅಕಾನೆಯದೂ ಹಾಗೆಯೇ: ಓಟಕ್ಕೆ ಮೊದಲು, ಗಾಬರಿಯಾದಾಗಲೆಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಮೆತ್ತನೆಯ ಗೆಣಸಿನ ಗೊಂಬೆಯೊಂದನ್ನು ಹಿಸುಕುತ್ತಿರುತ್ತಾಳೆ. ಗೆಣಸೇ ಯಾಕೆಂದರೆ ಕತೆ ನಡೆಯುವ ಕವಾಗೊಯೆ ಊರು ಗೆಣಸಿಗೆ ಹೆಸರುವಾಸಿ. ಟೋಕಿಯೋದ ಪಕ್ಕದಲ್ಲೇ, ಸೈತಾಮಾ ಪ್ರಾಂತದಲ್ಲಿರುವ ಈ ಊರಿಗೆ ಹಳೆಯ ಉಗ್ರಾಣದ ಮನೆಗಳ ಬೀದಿಯಿದೆ, ಮರದ ಗಂಟೆಗೋಪುರವಿದೆ, 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ರಥೋತ್ಸವವಿದೆ. ಆ ಉತ್ಸವದ ಮೇಳದಲ್ಲಿ ಕೊತಾರೋ ಕುಣಿಯುತ್ತಾನೆ. ಕುಣಿಯುವಾಗ ಮುಖಕ್ಕೆ ಮುಖವಾಡವಿರುವುದರಿಂದ ಅಲ್ಲಿ ಮಾತ್ರ ಅವನಿಗೆ ನಾಚಿಕೆಯಿಲ್ಲ.

ಸರಣಿಯ ಹೆಸರಿನ ಅರ್ಥ ‘ಚಂದ್ರ ಚೆನ್ನಾಗಿದ್ದಾನೆ’ ಎಂದು. ಇಂಗ್ಲಿಷಿನ ಪ್ರೇಮನಿವೇದನೆಯ ಮಾತನ್ನು ಶಿಷ್ಯನೊಬ್ಬ ಶಬ್ದಕ್ಕೆ ಶಬ್ದವಿಟ್ಟು ಅನುವಾದಿಸಿದಾಗ, ಜಪಾನಿನವರು ಹಾಗೆಲ್ಲ ಮಾತಾಡುವುದಿಲ್ಲ, ಚಂದ್ರ ಚೆನ್ನಾಗಿದ್ದಾನೆ ಅಂದರೆ ಸಾಕು ಎಂದು ಮೇಷ್ಟರಾಗಿದ್ದ ನತ್ಸುಮೆ ಸೋಸೆಕಿ ತಿದ್ದಿದರಂತೆ. ಅವರ ಬರಹದಲ್ಲಿ ಇದಕ್ಕೆ ಆಧಾರವಿಲ್ಲ, ಇದು ದಂತಕತೆ. ಆದರೂ ಜನ ನೂರಾರು ಬಾರಿ ಹೇಳಿಕೊಂಡಿದ್ದಾರೆ ಎಂದಮೇಲೆ ಅದರಲ್ಲಿ ತಮ್ಮ ಮುಖ ಕಂಡಿದೆ ಎಂದೇ ಅರ್ಥ. ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯ ವ್ಯಾಕರಣದ ಪ್ರಕಾರ ಸರಿ, ಬಾಯಲ್ಲಿ ಮಾತ್ರ ನಾಟಕದ ಮಾತಿನಂತೆ ಕೇಳುತ್ತದೆ; ನಮ್ಮವರು ಇಂಗ್ಲಿಷಿನ ಮೂರು ಶಬ್ದಗಳ ಹಿಂದೆ ಅಡಗಿಕೊಳ್ಳುತ್ತಾರೆ, ಇಲ್ಲವೇ ‘ಊಟ ಆಯ್ತಾ’ ಎಂದು ಕೇಳಿ ಸುಮ್ಮನಾಗುತ್ತಾರೆ. ಆದರೆ ಜಪಾನಿನ ಶಾಲೆಯ ಪ್ರೇಮದಲ್ಲಿ ಒಂದು ವಿಚಿತ್ರ ಕಟ್ಟುಪಾಡಿದೆ. ಅಷ್ಟು ಹೇಳಲಾರದ ಜನರ ನಡುವೆಯೇ, ಸಂಬಂಧ ಶುರುವಾಗಬೇಕಾದರೆ ಒಬ್ಬರು ಎದುರು ನಿಂತು ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಪಡೆಯಬೇಕು. ಹೇಳಲಾಗದ ಸ್ವಭಾವ, ಹೇಳಲೇಬೇಕಾದ ನಿಯಮ: ಅನಿಮೆಯಲ್ಲಿ ನಾವು ಕಾಣುವ ತಡವರಿಕೆ, ಓಡಿಹೋಗುವಿಕೆ, ಅರ್ಧಕ್ಕೆ ನಿಂತ ವಾಕ್ಯ ಇವೆಲ್ಲ ಈ ಇಕ್ಕಟ್ಟಿನಿಂದ ಹುಟ್ಟಿದ್ದು. ಹೊರಗಿನವರು ಇದನ್ನು ಅತಿರೇಕ ಎನ್ನುತ್ತಾರೆ. ಆ ಸಮಾಜದೊಳಗೆ ಅದು ವರದಿ.

ಏನೂ ನಡೆಯುವುದಿಲ್ಲ ಎಂಬ ಆಕ್ಷೇಪದ ಹಿಂದೆ ಇನ್ನೂ ಗಟ್ಟಿಯಾದ ಒಂದು ಪ್ರಶ್ನೆಯಿದೆ. ಇಷ್ಟು ಸಾಮಾನ್ಯವಾದದ್ದನ್ನು ತೋರಿಸಲು ಚಿತ್ರ ಬರೆಯಬೇಕೇ? ಕ್ಯಾಮೆರಾ ಇಟ್ಟು ಎರಡು ಮಕ್ಕಳನ್ನು ಕೂರಿಸಿದರೆ ಸಾಲದೇ? ಹಾರುವ ಕೋಟೆಯನ್ನೋ ರಾಕ್ಷಸನನ್ನೋ ಬರೆಯಬಲ್ಲ ಕಲೆ ರೆಸ್ಟೋರೆಂಟಿನ ಲೋಟ ಬರೆಯುತ್ತಾ ಕೂರುವುದು ದಂಡ ಎಂದು ತೋರುವುದು ಸಹಜ. ಇದಕ್ಕೆ ಉತ್ತರವನ್ನು ಇಸಾವೊ ತಾಕಾಹಾತಾ 1991ರಲ್ಲೇ ‘ಓನ್ಲಿ ಯೆಸ್ಟರ್‌ಡೇ’ ಚಿತ್ರದಲ್ಲಿ ಕೊಟ್ಟಿದ್ದಾರೆ. ದೊಡ್ಡವಳಾದ ತಾಯೆಕೊ ನಕ್ಕಾಗ ಕೆನ್ನೆಯ ಸ್ನಾಯುವಿನ ಗೆರೆ ಕಾಣುವಂತೆ ಅವರು ಬರೆಸಿದರು. ಮೊದಲು ದನಿ ಮುದ್ರಿಸಿ, ಅದಕ್ಕೆ ತುಟಿ ಹೊಂದಿಸಿದರು. ಕ್ಯಾಮೆರಾದ ಮುಂದೆ ನಟಿ ನಕ್ಕರೆ ಗೆರೆ ತಾನಾಗಿ ಬೀಳುತ್ತದೆ, ನಾವು ನೋಡುವುದಿಲ್ಲ. ಬರೆದ ಚಿತ್ರದಲ್ಲಿ ತಾನಾಗಿ ಬೀಳುವುದು ಏನೂ ಇಲ್ಲ. ಅಕಾನೆ ಬೆರಳು ಮಡಚಿದರೆ ಅದನ್ನು ಯಾರೋ ಬೇಕೆಂದು ಮಡಚಿಸಿದ್ದಾರೆ. ಕೊತಾರೋ ಎರಡು ಸೆಕೆಂಡು ಸುಮ್ಮನಿದ್ದರೆ ಆ ಮೌನಕ್ಕೂ ಒಬ್ಬರು ಕೂತು ಲೆಕ್ಕ ಹಾಕಿದ್ದಾರೆ. ಹಾಗಾಗಿ ಸಾಮಾನ್ಯ ಸಂಗತಿಗೆ ಬರೆದ ಚಿತ್ರ ಕೊಡುವಷ್ಟು ಗಮನವನ್ನು ಕ್ಯಾಮೆರಾ ಸುಲಭವಾಗಿ ಕೊಡಲಾರದು. ‘ತ್ಸುಕಿ ಗಾ ಕಿರೇ’ ಈ ಶಿಸ್ತನ್ನು ಉದ್ದಕ್ಕೂ ಪಾಲಿಸಿದೆ ಎಂದು ಹೇಳಲಾರೆ. ಹಿನ್ನೆಲೆಯಲ್ಲಿ ಓಡಾಡುವ ವಿದ್ಯಾರ್ಥಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಬಿಟ್ಟಿದ್ದಾರೆ, ಅವರು ಕೀಲುಗೊಂಬೆಗಳ ಹಾಗೆ ನಡೆಯುತ್ತಾರೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದು ಕಷ್ಟ.

ಹಾಗಾದರೆ ಮೆಲುದನಿಯ ಕತೆಗಳು ಮಾತ್ರ ನಿಜವೇ? ಈ ವಾದಕ್ಕೆ ನಿಜವಾದ ಪರೀಕ್ಷೆ ಎದುರು ತುದಿಯಲ್ಲಿದೆ. 2008–09ರ ‘ತೊರಾದೊರಾ’ ಅಬ್ಬರದ ಸರಣಿ. ಯುಯುಕೊ ತಾಕೆಮಿಯಾ ಅವರ ಲಘು ಕಾದಂಬರಿಗಳನ್ನು ಆಧರಿಸಿ ತಾತ್ಸುಯುಕಿ ನಾಗಾಯಿ ನಿರ್ದೇಶಿಸಿದ್ದು, ಮಾರಿ ಒಕಾಡಾ ಬರೆದದ್ದು. ನಾಯಕಿ ತಾಯಿಗಾ ಮೋಟುದ್ದದ ಹುಡುಗಿ, ಮರದ ಕತ್ತಿ ಹಿಡಿದು ರಾತ್ರಿ ಕಿಟಕಿಯಿಂದ ಮನೆಗೆ ನುಗ್ಗುತ್ತಾಳೆ. ಹದಿನಾರನೆಯ ಕಂತಿನಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯನ್ನು ಅವಳ ಕ್ಲಾಸಿಗೇ ಹೋಗಿ ಹೊಡೆಯುತ್ತಾಳೆ, ಇಬ್ಬರೂ ಮೈ ತುಂಬ ಗಾಯ ಮಾಡಿಕೊಳ್ಳುತ್ತಾರೆ. ಯಾವ ಶಾಲೆಯಲ್ಲಿ ಹೀಗೆ ನಡೆಯುತ್ತದೆ ಎಂದು ಕೇಳಿದರೆ ಎಲ್ಲಿಯೂ ಇಲ್ಲ. ಆದರೂ ಈ ಸರಣಿ ಸುಳ್ಳೆನಿಸುವುದಿಲ್ಲ. ಕಾರಣ ಮೊದಲ ಕಂತಿನಲ್ಲೇ ಇದೆ, ಪ್ರೇಮಕ್ಕೂ ಅದಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ನಾಯಕ ರ‍್ಯೂಜಿಯ ಹಳೆಯ ಬಾಡಿಗೆ ಮನೆಯ ಪಕ್ಕದಲ್ಲಿ ಎತ್ತರದ ಅಪಾರ್ಟ್‌ಮೆಂಟ್ ಎದ್ದು ಬಿಸಿಲು ನಿಂತುಹೋಗಿದೆ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ರ‍್ಯೂಜಿ ಕೈಯಲ್ಲಿ ಸದಾ ಉಜ್ಜುವ ಬಟ್ಟೆ. ಆ ಬಿಸಿಲು ತಿಂದ ಕಟ್ಟಡದಲ್ಲಿ ಒಂಟಿಯಾಗಿ ಇರುವವಳೇ ತಾಯಿಗಾ. ಅಪ್ಪ ದುಡ್ಡು ಕಳಿಸುತ್ತಾನೆ, ತಾನು ಬರುವುದಿಲ್ಲ. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆಗಳ ರಾಶಿ. ಈ ಕಡೆ ಬಾರಿನಲ್ಲಿ ದುಡಿಯುವ ತಾಯಿ, ಅವಳಿಗೆ ಅನ್ನ ಮಾಡಿ ಹಾಕುವ ಮಗ. ಎರಡು ಕಿಟಕಿಗಳ ನಡುವಿನ ಅಂತರ ಎರಡು ವರ್ಗಗಳ ನಡುವಿನ ಅಂತರವೂ ಹೌದು.

ಶಾಲೆಯ ಉತ್ಸವಕ್ಕೆ ಬರುತ್ತೇನೆಂದ ಅಪ್ಪ ಬರದೇ ಹೋದದ್ದು ತಾಯಿಗಾಳ ಅಷ್ಟೂ ರಂಪಾಟಕ್ಕೆ ಲೆಕ್ಕ ಕೊಟ್ಟುಬಿಡುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು, ಅಪ್ಪನನ್ನು ನಂಬು ಎಂದು ಅವಳನ್ನು ಒಪ್ಪಿಸಿದವನು ರ‍್ಯೂಜಿ, ಅಪ್ಪನನ್ನೇ ಕಾಣದವನು. ತನಗಿಲ್ಲದ್ದು ಅವಳಿಗಾದರೂ ಸಿಗಲಿ ಎಂಬ ಆಸೆಯಲ್ಲಿ ಅವಳನ್ನು ಮತ್ತೊಮ್ಮೆ ಗಾಯಕ್ಕೆ ನೂಕುತ್ತಾನೆ. ಇಲ್ಲಿ ಖಳನಿಲ್ಲ, ಒಳ್ಳೆಯ ಹುಡುಗನ ಒಳ್ಳೆಯ ಉದ್ದೇಶವಿದೆ, ಅಷ್ಟೇ. ಹೊಡೆದಾಟದ ದೃಶ್ಯಕ್ಕೂ ಹೀಗೊಂದು ಬೇರಿದೆ: ಅಧ್ಯಕ್ಷೆ ತಾಯಿಗಾಳ ಸಹಪಾಠಿ ಕಿತಾಮುರಾನ ಪ್ರೀತಿಗೆ ಹೌದೆನ್ನದೆ ತೇಲಿಸಿಬಿಟ್ಟದ್ದು ತಾತ್ಸಾರದಿಂದ ಅಲ್ಲ, ಹೌದೆಂದರೆ ಅವನು ಎಲ್ಲ ಬಿಟ್ಟು ತನ್ನ ಹಿಂದೆಯೇ ಅಮೆರಿಕಕ್ಕೆ ಬಂದಾನು ಎಂಬ ಭಯದಿಂದ. ಕೂಗಾಟ ಕಾಲ್ಪನಿಕ, ಕೂಗಾಟದ ಕಾರಣ ಅಲ್ಲ. ಬಯಲಾಟದಲ್ಲಿ ಕಿರೀಟ ನಿಜವಲ್ಲವೆಂದು ಯಾರೂ ದೂರುವುದಿಲ್ಲ. ಆದರೆ ಕಿರೀಟ ಹೊತ್ತವನ ಮಾತಿಗೆ ಕಾರಣ ಸಿಗದಿದ್ದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ.

ಅದೇ ಅಳತೆಗೋಲನ್ನು 2014–15ರ ‘ಯುವರ್ ಲೈ ಇನ್ ಏಪ್ರಿಲ್’ಗೆ ಹಿಡಿದರೆ ಫಲಿತಾಂಶ ಅಷ್ಟು ನೇರವಾಗಿ ಬರುವುದಿಲ್ಲ. ಕೋಸೇ ಎಂಬ ಹುಡುಗ ಪಿಯಾನೋ ನುಡಿಸುತ್ತಾನೆ, ತಾಯಿ ಸತ್ತ ಮೇಲೆ ತಾನು ನುಡಿಸಿದ್ದು ತನಗೇ ಕೇಳಿಸದಂತಾಗುತ್ತದೆ. ಹೊಡೆದು ಬಡಿದು ಕಲಿಸಿದ ತಾಯಿ, ಸಿಟ್ಟಿನಲ್ಲಿ ಅವಳು ಸತ್ತರೆ ಸಾಕು ಎಂದ ಮಗ, ಆಮೇಲೆ ನಿಜವಾಗಿಯೂ ಬಂದ ಸಾವು. ಆ ಕಿವುಡು ಎಲ್ಲಿಂದ ಬಂತೆಂದು ನಮಗೆ ಚೆನ್ನಾಗಿ ಗೊತ್ತು, ಹಾಗಾಗಿ ಅದು ನಮ್ಮನ್ನು ಹಿಡಿದು ಅಲ್ಲಾಡಿಸುತ್ತದೆ. ಆದರೆ ಅವನನ್ನು ಮತ್ತೆ ಸಂಗೀತಕ್ಕೆ ಎಳೆಯುವ ಕಾವೊರಿಯ ಸಾವಿನ ಮಾತು ಬೇರೆ. ಅವಳ ಕಾಯಿಲೆಯ ಹೆಸರೇನು ಎಂದು ಕತೆ ಹೇಳುವುದೇ ಇಲ್ಲ. ಹೆಸರಿಲ್ಲದ, ಮುಖ ಕೆಡಿಸದ, ಸರಿಯಾಗಿ ಹುಡುಗನ ಸ್ಪರ್ಧೆಯ ಹೊತ್ತಿಗೆ ಮುಗಿಸುವ ಕಾಯಿಲೆ ಅದು. ಹದಿಹರೆಯದವರು ಕಾಯಿಲೆಯಿಂದ ಸಾಯುವುದಿಲ್ಲವೇ ಎಂದರೆ ಸಾಯುತ್ತಾರೆ. ಪ್ರಶ್ನೆ ಅದಲ್ಲ. ಕಾವೊರಿಯ ಸಾವು ಕಾವೊರಿಗೆ ಸೇರಿದ್ದಲ್ಲ, ಕೋಸೇಯ ಬೆಳವಣಿಗೆಗೆ ಒದಗಿಸಿದ ಸಾಮಗ್ರಿ. ಅವಳ ಅಪ್ಪ ಅಮ್ಮನ ಬೇಕರಿಯಲ್ಲಿ ಮಾರನೆಯ ದಿನ ಏನಾಯಿತು ಎಂಬುದರಲ್ಲಿ ಕತೆಗೆ ಅಷ್ಟೊಂದು ಆಸಕ್ತಿಯಿಲ್ಲ. ಒಂದೇ ಸರಣಿಯಲ್ಲಿ ಒಂದು ಅಳು ಗಳಿಸಿದ್ದು, ಇನ್ನೊಂದು ಸಾಲ ತಂದದ್ದು.

ಇಲ್ಲಿ ಒಂದು ಆಕ್ಷೇಪವನ್ನು ಅರ್ಧ ಒಪ್ಪಿಕೊಳ್ಳಬೇಕು. ‘ತ್ಸುಕಿ ಗಾ ಕಿರೇ’ಯ ನೈಜತೆ ತೊಳೆದು ಮಡಿ ಮಾಡಿದ್ದಲ್ಲವೇ? ಅಪ್ಪ ಅಮ್ಮ ಜಗಳವಾಡಿದರೂ ಒಳ್ಳೆಯವರು, ದುಡ್ಡಿನ ತಾಪತ್ರಯ ದೊಡ್ಡದಿಲ್ಲ, ಶಾಲೆಯಲ್ಲಿ ಯಾರೂ ಯಾರನ್ನೂ ಗೋಳುಹೊಯ್ದುಕೊಳ್ಳುವುದಿಲ್ಲ, ಹದಿನಾಲ್ಕರ ಮೈಯ ಗೊಂದಲ ಕೈ ಹಿಡಿಯುವಲ್ಲಿಗೆ ಮುಗಿಯುತ್ತದೆ ಅನ್ನುವಷ್ಟು ಮೆತ್ತಗಿದೆ. ಅದೇ ಮಾರಿ ಒಕಾಡಾ 2019ರ ‘ಓ ಮೇಡನ್ಸ್ ಇನ್ ಯುವರ್ ಸ್ಯಾವೇಜ್ ಸೀಸನ್’ನಲ್ಲಿ ಸಾಹಿತ್ಯ ಕ್ಲಬ್ಬಿನ ಹುಡುಗಿಯರ ಮೈಯ ಕುತೂಹಲವನ್ನು ನಾಚದೆ ಚರ್ಚೆಗೆ ಎಳೆದರು, ಅದರ ಎದುರು ಇದು ಸಂಭಾವಿತರ ಕತೆಯಂತೆ ಕಾಣುವುದು ನಿಜ. ಇದನ್ನು ಮಿತಿ ಎಂದು ಒಪ್ಪುತ್ತೇನೆ, ಸುಳ್ಳು ಎಂದು ಒಪ್ಪಲಾರೆ. ಊರಿನ ಒಂದು ಓಣಿಯನ್ನು ಚೆನ್ನಾಗಿ ಬರೆದವನಿಗೆ ಇನ್ನೊಂದು ಓಣಿ ಬಿಟ್ಟೆ ಎಂದು ಹೇಳಬಹುದು. ಬರೆದ ಓಣಿ ಇಲ್ಲವೆಂದು ಹೇಳಲು ಬರುವುದಿಲ್ಲ. ಜೊತೆಗೆ, ಒಳ್ಳೆಯವರೇ ಇರುವ ಲೋಕದಲ್ಲಿಯೂ ನೋವು ತಪ್ಪುವುದಿಲ್ಲ ಎಂದು ತೋರಿಸುವುದು ಸುಲಭದ ಕೆಲಸವಲ್ಲ. ಅಕಾನೆಯ ಗೆಳತಿ ಚಿನಾತ್ಸುಗೆ ಕೊತಾರೋ ಇಷ್ಟ. ಅವಳದನ್ನು ಮುಚ್ಚಿಡದೆ ಅಕಾನೆಗೇ ಹೇಳುತ್ತಾಳೆ. ಅಸೂಯೆ, ಪಿತೂರಿ ಯಾವುದೂ ಇಲ್ಲದೆ, ಇಬ್ಬರು ಗೆಳತಿಯರ ನಡುವೆ ಒಂದು ಸಣ್ಣ ಬಿರುಕು ಬಂದು ನಿಲ್ಲುತ್ತದೆ. ಮೋಸಗಾರ್ತಿಯನ್ನು ತಂದಿದ್ದರೆ ನೋಡುವವರಿಗೆ ಬೈಯಲಿಕ್ಕಾದರೂ ಒಬ್ಬಳು ಸಿಗುತ್ತಿದ್ದಳು.

ಕೊನೆಯ ಕಂತುಗಳಲ್ಲಿ ಸರಣಿ ತನ್ನ ಮೆಲುದನಿಯನ್ನು ಬಿಡುತ್ತದೆ ಎಂಬ ದೂರು ಉಳಿಯುತ್ತದೆ. ಅಕಾನೆಯ ಅಪ್ಪನಿಗೆ ವರ್ಗ, ಮನೆ ಚಿಬಾ ಪ್ರಾಂತಕ್ಕೆ. ಅಲ್ಲಿನ ಹೈಸ್ಕೂಲಿಗೇ ಸೇರುತ್ತೇನೆಂದು ಕೊತಾರೋ ಹಠ ಹಿಡಿಯುತ್ತಾನೆ, ಹುಡುಗಿಗೋಸ್ಕರ ಶಾಲೆ ಬದಲಿಸುವುದೇ ಎಂದು ಕೆಂಡವಾಗುವ ತಾಯಿ ಕೊನೆಗೆ ಅವನ ಬೆನ್ನಿಗೇ ನಿಲ್ಲುತ್ತಾಳೆ, ರಾತ್ರಿಯೆಲ್ಲ ಓದುತ್ತಾನೆ. ಬೇರೆ ಯಾವ ಪ್ರೇಮಕತೆಯಲ್ಲಾದರೂ ಇಷ್ಟು ಓದಿದವನು ಪಾಸಾಗುತ್ತಿದ್ದ. ಇವನು ಫೇಲು. ಪ್ರೀತಿ ದೊಡ್ಡದಿದ್ದರೆ ಬೀಜಗಣಿತ ಬಂದುಬಿಡುವುದಿಲ್ಲ ಎಂದು ಇಷ್ಟು ನಿರ್ದಯವಾಗಿ ಹೇಳಿದ ಸರಣಿ ಅಪರೂಪ. ಉಳಿಯುವುದು ರೈಲಿನ ಟಿಕೆಟ್ಟಿನ ದುಡ್ಡಿನ ಮಾತು, ಅದಕ್ಕಾಗಿ ಅರೆಕಾಲಿಕ ಕೆಲಸದ ಯೋಚನೆ, ನನ್ನಿಂದ ಅವನಿಗೆ ಹೊರೆಯಾಯಿತಲ್ಲ ಎಂಬ ಅಕಾನೆಯ ಅಳು. ಆಮೇಲೆ ಅವಳು ಹೊರಡುವ ದಿನ, ಓಡುವ ರೈಲು, ಓಡುವ ಹುಡುಗ, ಗಂಟಲು ಹರಿಯುವಂತೆ ಕೂಗು, ಮೇಲೆ ಹಾಡು. ಹಾಡುಗಳ ವಿಷಯದಲ್ಲಿ ದೂರು ಸರಿ. ತೋಯಾಮಾ ನಾವೊ ದನಿಯಲ್ಲಿ ಹಳೆಯ ಜನಪ್ರಿಯ ಗೀತೆಗಳನ್ನು ಬೇಕಾದ ಕಡೆಗೆಲ್ಲ ಸುರಿದಿದ್ದಾರೆ, ಕೆಲವು ಕಡೆ ದೃಶ್ಯವನ್ನು ನಂಬದೆ ಹಾಡಿಗೆ ಒರಗಿದ್ದಾರೆ. ರೈಲಿನ ವಿಷಯದಲ್ಲಿ ದೂರು ತಪ್ಪು. ಹನ್ನೆರಡು ಕಂತು ಈ ಹುಡುಗ ಏರುದನಿಯಲ್ಲಿ ಮಾತಾಡಿದ್ದು ತೀರಾ ಕಡಿಮೆ. ಅವನ ಮನಸ್ಸು ಮೆಸೇಜಿನಲ್ಲಿ, ನೋಟ್‌ಬುಕ್ಕಿನಲ್ಲಿ, ದೀಪದ ದಾರದಲ್ಲಿ ಇತ್ತು. ಈಗ ಕೂಗಿದಾಗ ಕೇಳಿಸಿಕೊಳ್ಳಬೇಕಾದವಳು ಮುಚ್ಚಿದ ಕಿಟಕಿಯ ಹಿಂದೆ ಇದ್ದಾಳೆ. ಅವಳನ್ನು ತಲುಪುವುದು ಕೂಗಲ್ಲ, ತಮ್ಮಿಬ್ಬರ ಬಗ್ಗೆ ಅವನು ಅಂತರ್ಜಾಲದಲ್ಲಿ ಬರೆದು ಹಾಕಿದ ಕತೆ; ಅದನ್ನವಳು ರೈಲಿನಲ್ಲಿ ಮೊಬೈಲು ಹಿಡಿದು ಓದುತ್ತಾ ಅಳುತ್ತಾಳೆ. ಬಾಯಿ ಬರದವನ ಕೊನೆಯ ಮಾತೂ ಬರಹದಲ್ಲೇ ಮುಟ್ಟುತ್ತದೆ.

ನನಗೆ ಇನ್ನೂ ಸಂದೇಹ ಉಳಿದಿರುವುದು ಅದರ ನಂತರದ ಒಂದೂವರೆ ನಿಮಿಷದ ಬಗ್ಗೆ. ಪ್ರತಿ ಕಂತಿನ ಕೊನೆಯ ಹೆಸರುಪಟ್ಟಿಯಲ್ಲೂ ಹಾಡಿನ ಜೊತೆ ಯಾರದೋ ಲೈನ್ ಸಂದೇಶಗಳು ಪರದೆಯ ಮೇಲೆ ಹಾದುಹೋಗುತ್ತಿದ್ದವು. ಕೆಲಸ ತಡವಾಯಿತು, ಈ ವಾರ ಬರಲಾಗುವುದಿಲ್ಲ, ಎಲ್ಲಿದ್ದೀ ಎಂಬಂಥ ದಿನನಿತ್ಯದ ಮಾತು. ಯಾರದೆಂದು ತಲೆಕೆಡಿಸಿಕೊಳ್ಳದೆ ನೋಡುತ್ತಾ ಬಂದೆವು. ಅವು ಇವರಿಬ್ಬರವೇ, ದೂರದೂರದ ಊರುಗಳಿಂದ ವರ್ಷಗಟ್ಟಲೆ ಕಳಿಸಿಕೊಂಡದ್ದು, ಎಂದು ಕೊನೆಯ ಕಂತು ಬಿಟ್ಟುಕೊಡುತ್ತದೆ. ಮದುವೆ, ಮಗುವಿನವರೆಗೂ ಚಿತ್ರಗಳು ಹೋಗುತ್ತವೆ. ಒಂಬತ್ತನೆಯ ಕ್ಲಾಸಿನ ಪ್ರೇಮ ಮದುವೆಗೆ ಮುಟ್ಟುವುದು ಲೋಕದಲ್ಲಿ ಎಷ್ಟು ಅಪರೂಪ ಎಂದು ಗೊತ್ತಿದ್ದೂ ಹೀಗೆ ಮಾಡಿದ್ದು ನೋಡುಗರಿಗೆ ಕೊಟ್ಟ ಲಂಚ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವುದು ನನ್ನಿಂದಾಗುತ್ತಿಲ್ಲ. ಕತೆ ರೈಲಿನಲ್ಲೇ ನಿಂತಿದ್ದರೆ ಇನ್ನೂ ಗಟ್ಟಿಯಾಗಿರುತ್ತಿತ್ತು. ಆದರೆ ಆ ಹೆಸರುಪಟ್ಟಿಯನ್ನು ಮತ್ತೊಮ್ಮೆ ಮೊದಲ ಕಂತಿನಿಂದ ಓದಿಕೊಂಡು ಬಂದರೆ ಕಣ್ಣು ನಿಲ್ಲುವುದು ಮಗುವಿನ ಚಿತ್ರದ ಮೇಲಲ್ಲ. ಒಬ್ಬರು ಕಳಿಸಿದ್ದಾರೆ, ಇನ್ನೊಬ್ಬರು ಉತ್ತರಿಸಿದ್ದಾರೆ. ಅಡಿಯಲ್ಲಿ ಹೊತ್ತು, ಪಕ್ಕದಲ್ಲಿ ಅದೇ ಸಣ್ಣ ಗುರುತು, ‘ಓದಿದೆ’.